ಪದ್ಮಿನಿಯಲ್ಲಿ ಘಟ್ಟ ಇಳಿದು ಘಟ್ಟ ಹತ್ತಲು: ಹಳೆ ಕಾರಿನ ದೂರ ಪ್ರಯಾಣಕ್ಕೆ ತಯಾರಿ

ದಾರಿಬದಿಯಲ್ಲಿ ನಿಂತ ಹಳೆ ಕಾರಿನ ಬಾನೆಟ್ ಎತ್ತಿ ನೋಡಿ. ಎಂಜಿನ್ ಒಡೆದು ನಿಂತದ್ದು ಅಪರೂಪ. ಸೀಳಿದ ಪೆಟ್ರೋಲ್ ಪೈಪು, ಬಿಸಿಗೆ ಸತ್ತ ಕಂಡೆನ್ಸರು (ಕಿಡಿಯನ್ನು ಸರಿಯಿಡುವ ಸಣ್ಣ ಕರೆಂಟಿನ ಭಾಗ), ತುಂಡಾದ ಫ್ಯಾನ್ ಬೆಲ್ಟು, ಇಲ್ಲವೇ ಹೊರಡುವ ಹಿಂದಿನ ಸಂಜೆ ಅವಸರದಲ್ಲಿ ಮಾಡಿಸಿದ ರಿಪೇರಿ: ಸಾಮಾನ್ಯವಾಗಿ ಇವುಗಳಲ್ಲೊಂದು ಕಾರಣವಾಗಿರುತ್ತದೆ. ಎಲ್ಲವೂ ಮನೆಯಂಗಳದಲ್ಲೇ ತಪ್ಪಿಸಬಹುದಾದವು. ಅದಕ್ಕೆ ಬೇಕಾಗುವುದು ಹಣಕ್ಕಿಂತ ಹೆಚ್ಚಾಗಿ ಒಂದು ತಿಂಗಳ ಸಮಯ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಪ್ರೀಮಿಯರ್ ಪದ್ಮಿನಿ. ಫಿಯೆಟ್ 1100 ಡಿಲೈಟ್, ಪ್ರೀಮಿಯರ್ ಪ್ರೆಸಿಡೆಂಟ್, ಪದ್ಮಿನಿ ಎಂದು ಹೆಸರು ಬದಲಾದರೂ ಒಳಗಿನ ಯಂತ್ರ ಒಂದೇ: 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಸ್ಟೀರಿಂಗ್ ಪಕ್ಕದ ನಾಲ್ಕು ಗೇರು, ಹಿಂಚಕ್ರದ ಎಳೆತ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಅಂಬಾಸಡರ್ ಇರುವವರಿಗೂ ಹೆಚ್ಚಿನದು ಅನ್ವಯಿಸುತ್ತದೆ; ವ್ಯತ್ಯಾಸ ಇರುವಲ್ಲಿ ಹೇಳಿದೆ. ದಾರಿಗೆ ಬೆಂಗಳೂರಿನಿಂದ ಹೊರಟು ಶಿರಾಡಿ ಇಳಿದು, ಕರಾವಳಿಗುಂಟ ಗೋಕರ್ಣಕ್ಕೆ ಹೋಗಿ, ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಮೇಲೆ ವಾಪಸಾಗುವ ಸುತ್ತನ್ನು ತೆಗೆದುಕೊಂಡಿದೆ. ಬಯಲು, ಇಳಿಜಾರು, ಉಪ್ಪುಗಾಳಿ, ಏರು ಎಲ್ಲವೂ ಇದರಲ್ಲಿ ಸಿಗುತ್ತವೆ.

ಕಾಗದಪತ್ರ ಮೊದಲು

ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರುಗಳ ನವೀಕರಣ ಶುಲ್ಕ 10,000 ರೂಪಾಯಿಗೆ ಏರಿತು. ಅವಧಿ ಮುಗಿದ ಆರ್‌ಸಿ ಇಟ್ಟುಕೊಂಡು ಹೊರಟರೆ ಅಪಘಾತವಾದಾಗ ವಿಮೆಯವರು ಮೊದಲು ಹಿಡಿಯುವುದೇ ಆ ಚೀಟಿಯನ್ನು. ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು, ಫಾಸ್ಟ್ಯಾಗ್ ಐದೂ ಸರಿಯಿರಲಿ.

50 ವರ್ಷ ದಾಟಿದ ಕಾರಿನ ಮಾಲೀಕರು ಒಂದು ಮಾತು ತಿಳಿದಿರಬೇಕು. 2021ರ ಕೇಂದ್ರ ನಿಯಮದಂತೆ ಅಂಥ ಕಾರಿಗೆ 'ವಿಎ' ಅಕ್ಷರಗಳಿರುವ ವಿಂಟೇಜ್ ನೋಂದಣಿ ಪಡೆಯಬಹುದು. ಪಡೆದ ಮೇಲೆ ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು. ಸಂಸಾರ ಕೂರಿಸಿಕೊಂಡು ಗೋಕರ್ಣಕ್ಕೆ ಹೋಗುವುದು ಅದರಲ್ಲಿ ಬರುವುದಿಲ್ಲ. ಓಡಾಡುವ ಆಸೆ ಇದ್ದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುತ್ತ ಹೋಗಿ. ದೆಹಲಿಯ ಕಡೆಗೆ ಹೊರಡುವವರು ಅಲ್ಲಿ 15 ವರ್ಷ ಮೀರಿದ ಪೆಟ್ರೋಲ್ ಕಾರುಗಳ ಮೇಲಿನ ನಿರ್ಬಂಧ ಆ ಹೊತ್ತಿಗೆ ಯಾವ ಸ್ಥಿತಿಯಲ್ಲಿದೆ ಎಂದು ವಿಚಾರಿಸಿಯೇ ಹೊರಡಬೇಕು.

ತಯಾರಿಯ ಕ್ರಮ

ಕೆಲಸವೆಲ್ಲ ಹೊರಡುವುದಕ್ಕೆ ನಾಲ್ಕು ವಾರ ಮೊದಲು ಶುರುವಾಗಿ, ಎರಡು ವಾರ ಮೊದಲು ಮುಗಿಯಬೇಕು. ಉಳಿದ ಎರಡು ವಾರ ಓಡಿಸಿ ನೋಡುವುದಕ್ಕೆ. ಹೊಸದಾಗಿ ಹಾಕಿದ ಭಾಗ 500 ಕಿ.ಮೀ. ಓಡುವ ತನಕ ಅದನ್ನು ನಂಬಬೇಡಿ. ಹೊಸ ಕಂಡೆನ್ಸರ್ ಕಳಪೆಯದಾಗಿದ್ದರೆ ಮೊದಲ ನೂರಿನ್ನೂರು ಕಿ.ಮೀ.ನಲ್ಲೇ ಕೈಕೊಡುತ್ತದೆ. ಹೊಸ ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರದಂತೆ ಇಡುವ ಹಾಳೆ) ಕೂತುಕೊಂಡ ಮೇಲೆ ಬೋಲ್ಟುಗಳು ಸಡಿಲವಾಗುತ್ತವೆ. ಹೊಸ ಬ್ರೇಕ್ ಲೈನಿಂಗ್ ಡ್ರಮ್ಮಿಗೆ ಪೂರ್ತಿ ಒಗ್ಗಲು ಒಂದಷ್ಟು ದಿನ ಬೇಕು. ಆದ್ದರಿಂದ ಕೊನೆಯ ವಾರ ಹಳೆಯದನ್ನು ಬಿಚ್ಚಬೇಡಿ, ಹೊಸದನ್ನು ಜೋಡಿಸಬೇಡಿ. ಸರಿಯಾಗಿ ಓಡುತ್ತಿರುವ ಹಳೆಯ ಕಾಯಿಲನ್ನು (ಪ್ಲಗ್ಗಿನ ಕಿಡಿಗೆ ಬೇಕಾದ ಕರೆಂಟ್ ಕೊಡುವ ಸುರುಳಿ) ಡಿಕ್ಕಿಗೆ ಹಾಕಿ ಹೊಸದನ್ನು ಜೋಡಿಸಿಕೊಂಡು ಹೊರಡುವುದು ತಲೆಕೆಳಗಾದ ಬುದ್ಧಿ. ಕಾರಿನಲ್ಲಿ ಪಳಗಿದ್ದು ಇರಲಿ, ಡಿಕ್ಕಿಯಲ್ಲಿ ಹೊಸದಿರಲಿ. ಆ ಹೊಸದನ್ನೂ ಒಮ್ಮೆ ಹಾಕಿ ಒಂದು ದಿನ ಓಡಿಸಿ, ಕೆಲಸ ಮಾಡುತ್ತದೆಂದು ಖಚಿತವಾದ ಮೇಲೆ ಬಿಚ್ಚಿಟ್ಟುಕೊಳ್ಳಿ.

ಓಡಿಸಿ ನೋಡುವುದು ಮೂರು ಹಂತದಲ್ಲಿ. ಮೊದಲು ಊರೊಳಗೆ 40 ಕಿ.ಮೀ., ಮಧ್ಯಾಹ್ನದ ಟ್ರಾಫಿಕ್‌ನಲ್ಲಿ. ನೀರು ಬಿಸಿಯಾಗುತ್ತದೆಯೇ ಎಂದು ಆಗ ತಿಳಿಯುತ್ತದೆ. ಆಮೇಲೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ 120 ಕಿ.ಮೀ.; ಟ್ಯಾಂಕಿನ ತುಕ್ಕು ಎದ್ದು ಫಿಲ್ಟರ್‌ಗೆ ಬರುವುದು, ಚಕ್ರದ ಬೇರಿಂಗ್ ಸದ್ದು ಮಾಡುವುದು ಇಲ್ಲಿ ಗೊತ್ತಾಗುತ್ತದೆ. ಕೊನೆಗೆ ತುಂಬಿದ ಸಾಮಾನು, ಜನರೊಂದಿಗೆ ಒಂದು ಬೆಟ್ಟ. ಬೆಂಗಳೂರಿನವರಿಗೆ ನಂದಿ ಬೆಟ್ಟ ಕೈಗೆಟುಕುವ ಪರೀಕ್ಷೆ: ಹತ್ತುವಾಗ ಎಂಜಿನ್, ಇಳಿಯುವಾಗ ಬ್ರೇಕು ಎರಡೂ ಪರೀಕ್ಷೆಗೊಳಗಾಗುತ್ತವೆ.

ನೀರು

ಪದ್ಮಿನಿಯ ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲ್ಭಾಗ) ಅಲ್ಯೂಮಿನಿಯಮ್, ಬ್ಲಾಕ್ ಎರಕದ ಕಬ್ಬಿಣ. ಬಿಸಿಗೆ ಎರಡೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಒಮ್ಮೆ ಚೆನ್ನಾಗಿ ಕುದಿಸಿದರೆ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಸುಡುತ್ತದೆ, ಪ್ರಯಾಣ ಅಲ್ಲಿಗೆ ಮುಗಿಯಿತು. ಅಂಬಾಸಡರ್‌ನ ಹಳೆಯ 1489 ಸಿಸಿ ಎಂಜಿನ್‌ಗೆ ಹೆಡ್ಡೂ ಎರಕದ ಕಬ್ಬಿಣದ್ದೇ, ಅದು ಸ್ವಲ್ಪ ಹೆಚ್ಚು ತಾಳುತ್ತದೆ. ಹಾಗೆಂದು ಅದನ್ನೂ ಕುದಿಸುವ ಹಾಗಿಲ್ಲ.

ರೇಡಿಯೇಟರ್ ಬಿಚ್ಚಿಸಿ, ಮೇಲಿನ ತೊಟ್ಟಿ ತೆಗೆಸಿ ಕೊಳವೆಗಳಲ್ಲಿ ಕಡ್ಡಿ ಆಡಿಸಿ ಶುಚಿ ಮಾಡಿಸಿ. ಬರೀ ನೀರು ಹಾಯಿಸಿದರೆ ಬೋರ್‌ವೆಲ್ ನೀರಿನ ಗಟ್ಟಿ ಪದರ ಹೋಗುವುದಿಲ್ಲ. ಹೊರಗಿನ ರೆಕ್ಕೆಗಳ ನಡುವಿನ ಧೂಳು, ಸತ್ತ ಹುಳುಗಳನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಹೊಡೆದು ತೆಗೆಯಬೇಕು. ಮುಂದಿನಿಂದ ಹೊಡೆದರೆ ಇನ್ನಷ್ಟು ಒಳಕ್ಕೆ ಹೋಗಿ ಕೂರುತ್ತದೆ. ಮೇಲಿನ, ಕೆಳಗಿನ ಹೋಸ್‌ಗಳನ್ನು ಹಿಸುಕಿ ನೋಡಿ. ಗರಗರ ಸದ್ದು ಬಂದರೆ, ಇಲ್ಲವೇ ಅತಿ ಮೆತ್ತಗಿದ್ದರೆ ಬದಲಿಸಿ. ಒಳಪದರ ಕಳಚಿಕೊಂಡ ಕೆಳಗಿನ ಹೋಸ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ವೇಗದಲ್ಲಿ ಪಂಪು ಎಳೆದಾಗ ಅದು ಚಪ್ಪಟೆಯಾಗಿ ನೀರು ನಿಲ್ಲುತ್ತದೆ, ನಿಲ್ಲಿಸಿ ನೋಡಿದರೆ ಎಲ್ಲ ಸರಿಯಿರುತ್ತದೆ. ಹೆದ್ದಾರಿಯಲ್ಲಿ ಮಾತ್ರ ಬಿಸಿಯಾಗಿ ಊರೊಳಗೆ ತಣ್ಣಗಿರುವ ಕಾರಿನಲ್ಲಿ ಕೆಳಗಿನ ಹೋಸ್ ಮತ್ತು ಅರ್ಧ ಕಟ್ಟಿದ ರೇಡಿಯೇಟರನ್ನು ಮೊದಲು ಅನುಮಾನಿಸಿ. ಊರೊಳಗೆ ಬಿಸಿಯಾಗಿ ಹೆದ್ದಾರಿಯಲ್ಲಿ ತಣ್ಣಗಾದರೆ ಫ್ಯಾನ್ ಬೆಲ್ಟ್ ಜಾರುತ್ತಿದೆಯೇ ನೋಡಿ.

ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ 10ರಿಂದ 15 ಮಿ.ಮೀ. ತಗ್ಗಬೇಕು. ಅದಕ್ಕಿಂತ ಬಿಗಿ ಮಾಡಿದರೆ ವಾಟರ್ ಪಂಪಿನ ಬೇರಿಂಗ್ ತಿನ್ನುತ್ತದೆ. ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗುತ್ತಿದ್ದರೆ ಒಳಗಿನ ಸೀಲ್ ಹೋಗಿದೆ; ಆ ತೂತಿಗೆ ಎಂ-ಸೀಲ್ ಮೆತ್ತಬೇಡಿ, ನೀರು ಬೇರಿಂಗಿಗೆ ನುಗ್ಗುತ್ತದೆ. ಅರ್ಧ ಕೂಲೆಂಟ್, ಅರ್ಧ ಬ್ಯಾಟರಿಗೆ ಹಾಕುವ ಶುದ್ಧ ನೀರು ತುಂಬಿಸಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಾದರೂ ಅಲ್ಯೂಮಿನಿಯಮ್ ಹೆಡ್ ಸವೆಯದಿರಲು ಕೂಲೆಂಟ್ ಬೇಕು.

ಗ್ಯಾಸ್ಕೆಟ್ ಪರೀಕ್ಷೆ ಸುಲಭ. ತಣ್ಣಗಿನ ಎಂಜಿನ್‌ನಲ್ಲಿ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ನಿಲ್ಲದೆ ಗುಳ್ಳೆ ಬರುತ್ತಿದೆಯೇ ನೋಡಿ. ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದು ಅಂಟಿದೆಯೇ ನೋಡಿ. ಎರಡರಲ್ಲಿ ಒಂದಿದ್ದರೂ ಪ್ರಯಾಣ ಮುಂದೂಡಿ.

ಪೆಟ್ರೋಲ್

ಇವತ್ತಿನ ಬಂಕ್‌ಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಇ20. ಈ ಕಾರುಗಳನ್ನು ಕಟ್ಟಿದ ಕಾಲಕ್ಕೆ ಅದು ಇರಲಿಲ್ಲ. ಎಥನಾಲ್ ಮೂರು ತೊಂದರೆ ತರುತ್ತದೆ. ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಇಲ್ಲವೇ ಬಿರುಕು ಬಿಡಿಸುತ್ತದೆ. ಗಾಳಿಯ ತೇವ ಹೀರಿಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಜೊತೆಗೆ ಮಿಶ್ರಣವನ್ನು ತೆಳುವಾಗಿಸುತ್ತದೆ. ಅಂದರೆ ಅಷ್ಟೇ ಜೆಟ್ಟಿನಲ್ಲಿ (ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬೊರೇಟರಿನ ಪೆಟ್ರೋಲ್ ತೂತು) ಗಾಳಿಯ ಪಾಲು ಹೆಚ್ಚಾದಂತೆ ಎಂಜಿನ್ ನಡೆಯುತ್ತದೆ, ಏರಿನಲ್ಲಿ ಬಿಸಿ ಹೆಚ್ಚುತ್ತದೆ.

ಮೊದಲನೆಯದಕ್ಕೆ ಪರಿಹಾರ: ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗಿನ ಎಲ್ಲ ರಬ್ಬರ್ ತುಂಡುಗಳನ್ನೂ ಎಥನಾಲ್ ತಡೆಯುವ ವಿಟಾನ್ ಪದರದ ಪೈಪಿಗೆ ಬದಲಿಸುವುದು. ಟ್ಯಾಂಕಿನ ಹತ್ತಿರದ ಚಿಕ್ಕ ತುಂಡನ್ನು ಮರೆಯುವವರೇ ಹೆಚ್ಚು. ಪೆಟ್ರೋಲ್ ಪಂಪಿನ ಡಯಾಫ್ರಮ್ (ಒಳಗಿನ ರಬ್ಬರ್ ಹಾಳೆ) ಕೂಡ ಹೊಸ ಬಗೆಯದಾಗಲಿ. ಅದು ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಒಂದು ಕಿ.ಮೀ. ಕೂಡ ಓಡಿಸಬೇಡಿ, ಡಯಾಫ್ರಮ್ ಬದಲಿಸಿ, ಆಯಿಲ್ ಚೆಲ್ಲಿ ಹೊಸದು ಹಾಕಿ.

ಎರಡನೆಯದಕ್ಕೆ, ಟ್ಯಾಂಕ್ ಇಳಿಸಿ ತೊಳೆಸಿ, ಪಂಪಿಗೆ ಮೊದಲು ಪಾರದರ್ಶಕ ಫಿಲ್ಟರ್ ಹಾಕಿ. ಎರಡು ಫಿಲ್ಟರ್ ಕೈಯಲ್ಲಿರಲಿ. ನಿಂತಲ್ಲೇ ನಿಂತಿದ್ದ ಕಾರಿನ ಟ್ಯಾಂಕಿನ ತಳದ ಕಸ ಮೊದಲ ನೂರು ಕಿ.ಮೀ.ನ ಕುಲುಕಾಟಕ್ಕೆ ಎದ್ದು ಬರುತ್ತದೆ.

ಮೂರನೆಯದನ್ನು ಪ್ಲಗ್ಗಿನ ಬಣ್ಣ ಹೇಳುತ್ತದೆ. ಹೆದ್ದಾರಿಯಲ್ಲಿ 20 ಕಿ.ಮೀ. ಓಡಿಸಿ, ಕೀ ಆಫ್ ಮಾಡಿ ನಿಲ್ಲಿಸಿ, ಪ್ಲಗ್ ಬಿಚ್ಚಿ. ಬಿಸ್ಕೆಟ್ ಬಣ್ಣ ಸರಿ. ಬೆಳ್ಳಗಿದ್ದರೆ ಮಿಶ್ರಣ ತೆಳು. ಕರಿ ಮಸಿ ಇದ್ದರೆ ದಪ್ಪ. ಪದ್ಮಿನಿಯ ಸೋಲೆಕ್ಸ್ ಕಾರ್ಬೊರೇಟರಿನ ಜೆಟ್ಟಿನ ಮೇಲಿನ ಅಂಕಿ ಅದರ ತೂತಿನ ವ್ಯಾಸವನ್ನು ಮಿ.ಮೀ.ನ ನೂರನೇ ಪಾಲಿನಲ್ಲಿ ಹೇಳುತ್ತದೆ: 115 ಎಂದರೆ 1.15 ಮಿ.ಮೀ. ಬೆಳ್ಳಗಿನ ಪ್ಲಗ್ ಕಂಡರೆ ಮುಖ್ಯ ಜೆಟ್ಟನ್ನು 5 ಅಂಕಿ ದೊಡ್ಡದು ಹಾಕಿ ಮತ್ತೆ ನೋಡಿ. ತಂತಿ ತೂರಿಸಿ ತೂತು ಹಿಗ್ಗಿಸುವ ಕೆಲಸ ಮಾತ್ರ ಬೇಡ, ಜೆಟ್ಟಿನ ಅಳತೆಯೇ ಕೆಡುತ್ತದೆ. ಎಸ್‌ಯು ಕಾರ್ಬೊರೇಟರ್ ಇರುವ ಅಂಬಾಸಡರ್‌ಗೆ ಜೆಟ್ಟಿನ ಕೆಳಗಿನ ನಟ್ಟನ್ನು ತಿರುಗಿಸಿಯೇ ಹೊಂದಿಸಬಹುದು. ಅದರ ಮೇಲಿನ ಡ್ಯಾಶ್‌ಪಾಟ್‌ನಲ್ಲಿ ಆಯಿಲ್ ಇದೆಯೇ ನೋಡುವುದನ್ನು ಮರೆಯಬೇಡಿ. ಬತ್ತಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸುತ್ತದೆ.

ಟ್ಯಾಂಕ್ ಸುಮಾರು 38 ಲೀಟರಿನದು. ಲೀಟರಿಗೆ 12 ಕಿ.ಮೀ. ಹಿಡಿದರೂ ಲೆಕ್ಕ 450 ದಾಟುತ್ತದೆ, ಆದರೆ 250 ಆಗುತ್ತಿದ್ದಂತೆ ತುಂಬಿಸಿ. ತಳದ ಕೊನೆಯ ಲೀಟರುಗಳಲ್ಲಿ ಇರುವುದು ಕಸ ಮತ್ತು ನೀರು. ಇ20 ತುಂಬಿಸಿದ ಕಾರನ್ನು ಪ್ರಯಾಣ ಮುಗಿದ ಮೇಲೆ ತಿಂಗಳುಗಟ್ಟಲೆ ಹಾಗೇ ನಿಲ್ಲಿಸಲೂ ಬಾರದು.

ಬ್ರೇಕು

ಕೈಯಲ್ಲಿರುವ ಹಣದಲ್ಲಿ ಮೊದಲ ಪಾಲು ಇದಕ್ಕೆ. ಹಳೆಯ ಕಾರುಗಳ ಮಾಸ್ಟರ್ ಸಿಲಿಂಡರ್ ಒಂದೇ ಸರ್ಕ್ಯೂಟಿನದು. ಒಂದು ಚಕ್ರದ ಸಿಲಿಂಡರ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ, ಪೆಡಲ್ ನೆಲಕ್ಕೆ ಮುಟ್ಟುತ್ತದೆ. ಆದ್ದರಿಂದ ನಾಲ್ಕೂ ಡ್ರಮ್ ಬಿಚ್ಚಿ, ಸಿಲಿಂಡರ್ ರಬ್ಬರಿನ ಅಂಚನ್ನು ಎತ್ತಿ ನೋಡಿ. ಒಳಗೆ ತೇವ ಕಂಡರೆ ರಬ್ಬರ್ ಕಿಟ್ ಬದಲಿಸಿ. ಸಿಲಿಂಡರ್ ಗೋಡೆಯಲ್ಲಿ ತುಕ್ಕಿನ ಗುಳಿ ಇದ್ದರೆ ಕಿಟ್ ಸಾಲದು, ಸಿಲಿಂಡರೇ ಬೇಕು. ಮೂರು ರಬ್ಬರ್ ಹೋಸ್‌ಗಳ ವಯಸ್ಸು ಗೊತ್ತಿಲ್ಲದಿದ್ದರೆ ಮೂರನ್ನೂ ಬದಲಿಸಿ. ಹಳೆಯ ಹೋಸ್ ಒಳಗೇ ಊದಿಕೊಂಡರೆ ಒತ್ತಿದಾಗ ಬ್ರೇಕ್ ಹಿಡಿಯುತ್ತದೆ, ಬಿಟ್ಟಾಗ ಬಿಡುವುದಿಲ್ಲ, ಚಕ್ರ ಕಾಯುತ್ತದೆ.

ಬ್ರೇಕ್ ಆಯಿಲ್ ನೀರು ಹೀರುತ್ತದೆ. ಹೀರಿದಷ್ಟೂ ಅದು ಬೇಗ ಕುದಿಯುತ್ತದೆ, ಕುದಿದರೆ ಪೈಪಿನಲ್ಲಿ ಆವಿ, ಆವಿ ಇದ್ದರೆ ಪೆಡಲ್ ಮೆತ್ತಗೆ. ಶಿರಾಡಿಯ ಅರ್ಧದಲ್ಲಿ ಇದು ತಿಳಿಯುವುದು ಬೇಡ. ಎರಡು ವರ್ಷಕ್ಕಿಂತ ಹಳೆಯ ಆಯಿಲ್ ಪೂರ್ತಿ ತೆಗೆದು ಡಾಟ್ 3 ಅಥವಾ ಡಾಟ್ 4 ಹಾಕಿ. ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರದಿಂದ ಶುರುಮಾಡಿ ಹತ್ತಿರದ್ದಕ್ಕೆ ಬನ್ನಿ, ಗುಳ್ಳೆ ನಿಲ್ಲುವ ತನಕ ಬ್ಲೀಡ್ ಮಾಡಿ (ಆಯಿಲ್ ಜೊತೆ ಗಾಳಿ ಹೊರಬಿಡಿ). ಹೊಸ ಆಯಿಲ್ ಹಾಕಿದರೂ ಪೆಡಲ್ ಎರಡು ಸಲ ಒತ್ತಿದ ಮೇಲೆ ಮೇಲೆ ಬಂದರೆ ಬ್ರೇಕ್ ಶೂಗಳನ್ನು (ಲೈನಿಂಗ್ ಹೊತ್ತ ಕಮಾನುಗಳು) ಡ್ರಮ್ಮಿಗೆ ಹತ್ತಿರ ಹೊಂದಿಸಬೇಕು ಎಂದರ್ಥ. ಹ್ಯಾಂಡ್‌ಬ್ರೇಕ್ ಒಬ್ಬಂಟಿಯಾಗಿ ಏರಿನಲ್ಲಿ ಕಾರನ್ನು ಹಿಡಿಯಬೇಕು.

ಉಳಿದದ್ದು

ಎಂಜಿನ್ ಆಯಿಲ್ 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ಮಿನರಲ್. ಹೊಸ ಕಾರಿನ ತೆಳು ಸಿಂಥೆಟಿಕ್ ಇಲ್ಲಿ ಸೋರಿಕೆಗೆ ದಾರಿ. ಡಿಫರೆನ್ಶಿಯಲ್‌ಗೆ 90 ಗ್ರೇಡ್. ಕಿಂಗ್‌ಪಿನ್ (ಮುಂಚಕ್ರ ಎಡಬಲಕ್ಕೆ ತಿರುಗುವ ಗೂಟ), ಮುಂದಿನ ಸಸ್ಪೆನ್ಶನ್, ಪ್ರೊಪೆಲ್ಲರ್ ಶಾಫ್ಟ್‌ನ ಎಲ್ಲ ನಿಪ್ಪಲ್‌ಗಳಿಗೂ ಹಳೆಯ ಗ್ರೀಸ್ ಹೊರಬರುವ ತನಕ ಗ್ರೀಸ್ ಹೊಡೆಸಿ. ಕಿಂಗ್‌ಪಿನ್‌ಗೆ ಮುಂಚಕ್ರವನ್ನು ಜಾಕ್ ಮೇಲೆ ಎತ್ತಿದಾಗಲೇ ಗ್ರೀಸ್ ಸರಿಯಾಗಿ ಇಳಿಯುವುದು. ಭಾರ ಹೊತ್ತು ನಿಂತ ಚಕ್ರದಲ್ಲಿ ಅದು ಒಂದೇ ಮಗ್ಗುಲಿಗೆ ಹೋಗುತ್ತದೆ. ಎತ್ತಿರುವಾಗಲೇ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಅಲುಗಾಟ ನಿಂತರೆ ಅದು ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್.

ಸ್ಟೀರಿಂಗ್ ಗೇರಿನ ಲಿಂಕೇಜ್ ಬುಶ್‌ಗಳು ಸವೆದಿದ್ದರೆ ಏರಿನಲ್ಲಿ ಗೇರ್ ಬದಲಿಸುವಾಗ ಸಿಕ್ಕಿಕೊಳ್ಳುತ್ತದೆ. ಬುಶ್ ಅಗ್ಗದ ಸಾಮಾನು; ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ.

ಟಯರಿನ ಬದಿಯಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2319 ಎಂದರೆ 2019ರ 23ನೇ ವಾರ. ಟಯರಿನ ಮೇಲ್ಮೈಯ ಗೀರು ಎಷ್ಟೇ ಆಳವಾಗಿರಲಿ, ಆರು ವರ್ಷ ಮೀರಿದ ಟಯರಿನಲ್ಲಿ ಘಟ್ಟ ಇಳಿಯಬೇಡಿ. ಸ್ಟೆಪ್ನಿಯ ಗುರುತನ್ನೂ ನೋಡಿ, ಬಹುಪಾಲು ಕಾರುಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಗಾಳಿ ಕೈಪಿಡಿಯಲ್ಲಿ ಹೇಳಿದಷ್ಟು, ತಣ್ಣಗಿರುವಾಗ. ಬಂಕಿನಲ್ಲಿ ಕೇಳದೆ 35 ತುಂಬಿಸಿದರೆ ಹಗುರ ಕಾರು ಕುಣಿಯುತ್ತದೆ, ಬ್ರೇಕ್ ಹಿಡಿದಾಗ ಜಾರುತ್ತದೆ.

ಕರೆಂಟಿನ ಲೆಕ್ಕ: ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಎಂಜಿನ್ ಸ್ವಲ್ಪ ಏರಿಸಿದಾಗ 13.8ರಿಂದ 14.4. ಡೈನಮೊ ಇರುವ ಕಾರಿನಲ್ಲಿ ಐಡ್ಲಿಂಗ್‌ನಲ್ಲಿ ಚಾರ್ಜ್ ಆಗುವುದೇ ಇಲ್ಲ ಎನ್ನಬಹುದು. ಹೆಡ್‌ಲೈಟ್, ವೈಪರ್ ಹಾಕಿಕೊಂಡು ಟ್ರಾಫಿಕ್‌ನಲ್ಲಿ ನಿಂತರೆ ಬ್ಯಾಟರಿ ಇಳಿಯುತ್ತದೆ. ಹೆಡ್‌ಲೈಟಿಗೆ ರಿಲೇ ಹಾಕಿಸಿದರೆ ಹಳೆಯ ಸ್ವಿಚ್ಚಿನ ಮೇಲಿನ ಭಾರ ತಪ್ಪಿ ಬೆಳಕು ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಸೀಟ್ ಬೆಲ್ಟ್ ಇಲ್ಲದ ಕಾರಿಗೆ ಬೆಲ್ಟ್ ಹಾಕಿಸಿ. ಬೋಲ್ಟಿನ ಹಿಂದೆ ದಪ್ಪ ತಗಡಿನ ಪಟ್ಟಿ ಕೊಟ್ಟು ಗಟ್ಟಿ ಲೋಹಕ್ಕೇ ಬಿಗಿಯಬೇಕು, ತುಕ್ಕು ಹಿಡಿದ ನೆಲದ ತಗಡಿಗಲ್ಲ.

ಡಿಕ್ಕಿಯಲ್ಲಿ ಏನಿರಬೇಕು

ಪಾಯಿಂಟ್ ಸೆಟ್ (ಕಾಯಿಲಿನ ಕರೆಂಟನ್ನು ತೆರೆದು ಮುಚ್ಚುವ ಸಂಪರ್ಕ), ಕಂಡೆನ್ಸರ್ ಎರಡು, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ರೋಟರ್ ಮತ್ತು ಕ್ಯಾಪ್, ಕಾಯಿಲ್, ಎರಡು ಪ್ಲಗ್, ಅತಿ ಉದ್ದದ ಒಂದು ಪ್ಲಗ್ ವೈರ್ (ಉದ್ದದ್ದು ಎಲ್ಲ ಸಿಲಿಂಡರಿಗೂ ಆಗುತ್ತದೆ). ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್ ಎರಡು, ಕ್ಲಿಪ್‌ಗಳು. ಪೆಟ್ರೋಲ್ ಪಂಪಿನ ಕಿಟ್, ಒಂದು ಮೀಟರ್ ಪೈಪ್, ಫಿಲ್ಟರ್. ವೀಲ್ ಸಿಲಿಂಡರ್ ಕಿಟ್, ಅರ್ಧ ಲೀಟರ್ ಬ್ರೇಕ್ ಆಯಿಲ್. ಎಂಜಿನ್ ಆಯಿಲ್ 2 ಲೀಟರ್, ನೀರು 5 ಲೀಟರ್. ಫ್ಯೂಸ್, ಬಲ್ಬು, ಒಂದು ಟ್ಯೂಬ್. ಕಟ್ಟುವ ತಂತಿ, ಇನ್ಸುಲೇಶನ್ ಟೇಪ್, ಎಂ-ಸೀಲ್.

ಉಪಕರಣಗಳಲ್ಲಿ ಪದ್ಮಿನಿಗೆ ಮಿ.ಮೀ. ಸ್ಪ್ಯಾನರ್, ಹಳೆಯ ಅಂಬಾಸಡರ್‌ಗೆ ಇಂಚಿನವು, ತಪ್ಪಿ ಮಿ.ಮೀ.ನದನ್ನು ಹಾಕಿದರೆ ನಟ್ಟಿನ ಮೂಲೆ ಸವೆದು ಹೋಗುತ್ತದೆ. ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, ಟೆಸ್ಟ್ ಲ್ಯಾಂಪ್, ಇಕ್ಕಳ, ಹಣೆಗೆ ಕಟ್ಟುವ ಟಾರ್ಚ್. ಜಾಕ್ ಜೊತೆಗೆ ಒಂದಡಿ ಚೌಕದ ಹಲಗೆ ತುಂಡು: ಕರಾವಳಿಯ ಮೆತ್ತನೆ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ. ಚಕ್ರಕ್ಕೆ ಅಡ್ಡ ಇಡಲು ಎರಡು ಮರದ ಬೆಣೆ. ಎಚ್ಚರಿಕೆಯ ತ್ರಿಕೋನ, ಪ್ರಥಮ ಚಿಕಿತ್ಸೆ ಡಬ್ಬಿ. ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಸೀಟಿನ ಕೆಳಗೇ ಇರಲಿ, ಡಿಕ್ಕಿಯ ಸಾಮಾನಿನಡಿ ಬೇಡ.

ದಾರಿ ಮತ್ತು ದಿನಗಳು

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು, ಡಿಸ್ಟ್ರಿಬ್ಯೂಟರ್ ಕ್ಯಾಪಿಗೂ ತೇವ ಆಗದು. ದಿನಕ್ಕೆ 200 ಕಿ.ಮೀ. ಆಸುಪಾಸು ಸಾಕು.

ಮೊದಲ ದಿನ ಬೆಳಗಿನ ಐದಕ್ಕೆ ಬೆಂಗಳೂರು ಬಿಟ್ಟು ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನದ ಮೇಲೆ ಸಕಲೇಶಪುರ, ಸುಮಾರು 220 ಕಿ.ಮೀ. ಮೊದಲ 50 ಕಿ.ಮೀ. ಆದ ಕೂಡಲೇ ನಿಲ್ಲಿಸಿ ಚಕ್ರದ ಬೋಲ್ಟುಗಳ ಬಿಗಿ ನೋಡಿ. ಎರಡನೇ ದಿನ ಬೆಳಿಗ್ಗೆ ಬ್ರೇಕ್ ತಣ್ಣಗಿರುವಾಗಲೇ ಶಿರಾಡಿ ಇಳಿದು ಗುಂಡ್ಯ, ಉಪ್ಪಿನಂಗಡಿ, ಮಂಗಳೂರು, ಉಡುಪಿ. ಮೂರನೇ ದಿನ ಹೆದ್ದಾರಿ 66ರಲ್ಲಿ ಕುಂದಾಪುರ, ಹೊನ್ನಾವರ, ಕುಮಟಾ ದಾಟಿ ಗೋಕರ್ಣ. ನಾಲ್ಕನೇ ದಿನ ಬೆಳಕು ಹರಿಯುವ ಮುನ್ನ ಹೊರಟು ಅಂಕೋಲಾದಿಂದ ಅರಬೈಲ್ ಹತ್ತಿ ಯಲ್ಲಾಪುರ, ಹುಬ್ಬಳ್ಳಿ. ಅರಬೈಲ್‌ನಲ್ಲಿ ಲಾರಿಗಳ ಸಾಲು ಉದ್ದ. ಅವುಗಳ ಹಿಂದೆ ಮೊದಲ ಗೇರಿನಲ್ಲಿ ಬಿಸಿಲಲ್ಲಿ ತೆವಳಿದರೆ ನೀರು ಕುದಿಯುವುದು ಖಂಡಿತ ಎನ್ನಬೇಕು. ಐದನೇ ದಿನ ಚಿತ್ರದುರ್ಗ, ಆರಕ್ಕೆ ಬೆಂಗಳೂರು. ಆಗುಂಬೆಯ ಹೇರ್‌ಪಿನ್ ತಿರುವುಗಳು ಚೆಂದ, ಆದರೆ ಮೊದಲ ಸಲದ ದೂರ ಪ್ರಯಾಣಕ್ಕೆ ಬೇಡ.

ಬಯಲಿನಲ್ಲಿ 60ರಿಂದ 70 ಕಿ.ಮೀ. ವೇಗ. ಒಂದೂವರೆ ಗಂಟೆಗೊಮ್ಮೆ ಕಾಲು ಗಂಟೆ ನಿಲ್ಲಿಸಿ. ಏರು ಹತ್ತಿದ ಕೂಡಲೇ ಕೀ ತಿರುಗಿಸಬೇಡಿ, ಎರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ನೀರು ತಿರುಗುತ್ತ ಹೆಡ್ಡಿನ ಬಿಸಿ ಇಳಿಯುತ್ತದೆ. ಹೆಚ್ಚು ಬ್ರೇಕ್ ಹಾಕದೆ ನಿಂತ ಪ್ರತಿ ಸಲ ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈ ಹಿಡಿಯಿರಿ. ಮೂರು ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಅರ್ಧ ನಿಮಿಷದ ಈ ಅಭ್ಯಾಸದಷ್ಟು ಉಪಯೋಗದ್ದು ಬೇರೊಂದಿಲ್ಲ.

ಘಟ್ಟ ಇಳಿಯುವಾಗ, ಹತ್ತಲು ಯಾವ ಗೇರು ಬೇಕೋ ಅದೇ ಗೇರು. ಶಿರಾಡಿಯ ಕಡಿದಾದ ಜಾಗಗಳಲ್ಲಿ ಎರಡನೆಯದು. ಇಳಿಜಾರು ಶುರುವಾಗುವ ಮುನ್ನವೇ ಗೇರ್ ಇಳಿಸಿ. ಪದ್ಮಿನಿಯ ಮೊದಲ ಗೇರಿಗೆ ಸಿಂಕ್ರೋ (ಗೇರ್ ಹಲ್ಲುಗಳ ವೇಗ ಹೊಂದಿಸುವ ಭಾಗ) ಇಲ್ಲ, ಓಡುತ್ತಿರುವಾಗ ಒತ್ತಿ ಹಾಕಿದರೆ ಹಲ್ಲು ಕಡಿಯುತ್ತದೆ. ಬ್ರೇಕನ್ನು ಗಟ್ಟಿಯಾಗಿ ಸ್ವಲ್ಪ ಹೊತ್ತು ಒತ್ತಿ ವೇಗ ಇಳಿಸಿ ಪೂರ್ತಿ ಬಿಡಿ. ಹಗುರವಾಗಿ ಒತ್ತಿಕೊಂಡೇ ಇಳಿದರೆ ಡ್ರಮ್ಮಿಗೆ ಗಾಳಿಯಾಡಲು ಸಮಯ ಸಿಗದೆ ಕಾದು ಹಿಗ್ಗುತ್ತದೆ, ಶೂ ಮುಟ್ಟದಾಗುತ್ತದೆ. ಲೈನಿಂಗ್ ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗ ಸಿಕ್ಕ ಕೂಡಲೇ ಅರ್ಧ ಗಂಟೆ ನಿಲ್ಲಿಸಿ. ಆಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಡ್ರಮ್ ತಣ್ಣಗಾಗಿ ಕುಗ್ಗುವಾಗ ಶೂ ಸಿಕ್ಕಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಬೆಣೆ ಕೊಡಿ. ಡ್ರಮ್ಮಿಗೆ ನೀರು ಎರಚಬೇಡಿ. ಇಕ್ಕಟ್ಟಿನ ಘಟ್ಟದಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ.

ನಿಂತುಹೋದರೆ

ಗಾಬರಿಯಲ್ಲಿ ಎಲ್ಲವನ್ನೂ ಬಿಚ್ಚಬೇಡಿ. ಹೇಗೆ ನಿಂತಿತು ಎನ್ನುವುದೇ ಅರ್ಧ ಉತ್ತರ. ಸ್ವಿಚ್ ಆರಿಸಿದಂತೆ ಥಟ್ಟನೆ ನಿಂತರೆ ಕರೆಂಟಿನ ತೊಂದರೆ. ಕೆಮ್ಮುತ್ತ, ಎಳೆಯುತ್ತ ನಿಂತರೆ ಪೆಟ್ರೋಲ್.

ಕರೆಂಟ್ ನೋಡಲು ಕಾಯಿಲಿನ ನಡುವಿನ ವೈರನ್ನು ಡಿಸ್ಟ್ರಿಬ್ಯೂಟರ್ ಕ್ಯಾಪಿನಿಂದ ಬಿಚ್ಚಿ, ಒಣ ಬಟ್ಟೆಯಲ್ಲಿ ಹಿಡಿದು ತುದಿಯನ್ನು ಎಂಜಿನ್ ಲೋಹದಿಂದ 6 ಮಿ.ಮೀ. ದೂರ ಇಟ್ಟು ಸೆಲ್ಫ್ ಹೊಡೆಸಿ. ಹತ್ತಿರ ಪೆಟ್ರೋಲ್ ಸೋರಿರಬಾರದು. ನೀಲಿ ಕಿಡಿ ಟಪ್ ಎಂದು ಹಾರಿದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಸರಿ. ಕ್ಯಾಪ್, ರೋಟರ್ ನೋಡಿ. ಹಳದಿಯಾಗಿ ಸೊರಗಿದ್ದರೆ ಕಂಡೆನ್ಸರ್ ಬದಲಿಸಿ, ಪಾಯಿಂಟಿನ ಮುಖ ಸುಟ್ಟು ಕರಿಯಾಗಿರುವುದು ಅದಕ್ಕೆ ಸಾಕ್ಷಿ. ಕಿಡಿಯೇ ಇಲ್ಲದಿದ್ದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆಯೇ ನೋಡಿ. ಅದರ ಹಿಮ್ಮಡಿ (ಉಜ್ಜುವ ತುದಿ) ಸವೆದು ಅಂತರ ಮುಚ್ಚಿಹೋಗಿರಬಹುದು. ಪೂರ್ತಿ ತೆರೆದಾಗ 0.45 ಮಿ.ಮೀ. ಇರಬೇಕು. ಬಿಸಿಯಾದಾಗ ಸತ್ತು, ಅರ್ಧ ಗಂಟೆ ಬಿಟ್ಟರೆ ಬದುಕಿ, ಮತ್ತೆ ಸಾಯುವ ಕಾರಿನಲ್ಲಿ ಕಾಯಿಲ್ ಅಥವಾ ಕಂಡೆನ್ಸರ್ ತಪ್ಪಿತಸ್ಥ. ಪ್ಲಗ್ ವೈರ್‌ಗಳು ಅದಲುಬದಲಾಗಿದ್ದರೆ ಕ್ರಮ 1-3-4-2, ಎರಡೂ ಕಾರುಗಳಿಗೆ ಒಂದೇ.

ಪೆಟ್ರೋಲ್ ಕಡೆ ಮೂರು ತೊಂದರೆಗಳು ಒಂದೇ ಥರ ಕಾಣುತ್ತವೆ. ಏರಿನಲ್ಲಿ ಶಕ್ತಿ ಕುಂದಿ ನಿಂತು, ಐದು ನಿಮಿಷ ಬಿಟ್ಟರೆ ಮತ್ತೆ ಎರಡು ಕಿ.ಮೀ. ಓಡಿದರೆ ಫಿಲ್ಟರ್ ಕಟ್ಟಿದೆ. ಟ್ಯಾಂಕಿನ ಮುಚ್ಚಳ ತೆರೆದಾಗ ಸುಂಯ್ ಎಂದು ಗಾಳಿ ಒಳಗೆಳೆದುಕೊಂಡು, ಆಮೇಲೆ ಕಾರು ಸರಿಯಾದರೆ ಮುಚ್ಚಳದ ಗಾಳಿತೂತು ಮುಚ್ಚಿದೆ. ಊರು ಸೇರುವ ತನಕ ಮುಚ್ಚಳ ಸಡಿಲ ಬಿಡಿ, ಆದರೆ ಟ್ಯಾಂಕ್ ಪೂರ್ತಿ ತುಂಬಿಸಬೇಡಿ. ಊಟಕ್ಕೆ ನಿಲ್ಲಿಸಿ ಬಿಸಿಲಲ್ಲಿ ಬಿಟ್ಟು ಬಂದ ಮೇಲೆ ಸ್ಟಾರ್ಟ್ ಆಗದಿದ್ದರೆ, ಪಂಪಿನಲ್ಲೋ ಪೈಪಿನಲ್ಲೋ ಪೆಟ್ರೋಲ್ ಆವಿಯಾಗಿ ಏರ್ ಲಾಕ್ ಆಗಿದೆ. ಇ20 ಬಂದ ಮೇಲೆ ಇದು ಹೆಚ್ಚು. ಬಾನೆಟ್ ತೆರೆದು ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾಯಿರಿ. ಪದೇಪದೇ ಆದರೆ ಪೈಪನ್ನು ಎಕ್ಸಾಸ್ಟ್‌ನಿಂದ ದೂರಕ್ಕೆ ಕಟ್ಟಿ. ಎಲೆಕ್ಟ್ರಿಕ್ ಪಂಪ್ ಹಾಕಿಸುವವರು ಒತ್ತಡ 3 ಪಿಎಸ್‌ಐ ಮೀರದಂಥದ್ದು ನೋಡಿ; ಹೆಚ್ಚಾದರೆ ಕಾರ್ಬೊರೇಟರ್ ತುಂಬಿ ಹೊರಚೆಲ್ಲುತ್ತದೆ, ಬಿಸಿ ಎಂಜಿನ್ ಮೇಲೆ ಚೆಲ್ಲಿದ ಪೆಟ್ರೋಲ್ ಎಂದರೆ ಬೆಂಕಿ.

ನೀರಿನ ಮುಳ್ಳು ಕೆಂಪಿಗೆ ಹೋದರೆ ಬದಿಗೆ ಹಾಕಿ ಎಂಜಿನ್ ನಿಲ್ಲಿಸಿ. ಮುಚ್ಚಳಕ್ಕೆ 40 ನಿಮಿಷ ಕೈ ಹಚ್ಚಬೇಡಿ. ಆಮೇಲೆ ಬಟ್ಟೆ ಹಾಕಿ ಅರ್ಧ ಸುತ್ತು ತಿರುಗಿಸಿ ಒತ್ತಡ ಬಿಡಿಸಿ, ಎಂಜಿನ್ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿಟ್ಟು ಸ್ವಲ್ಪ ಸ್ವಲ್ಪವೇ ನೀರು ಹಾಕಿ. ಕಾದ ಹೆಡ್ಡಿಗೆ ಒಮ್ಮೆಲೇ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಕಾರಣ ಹುಡುಕದೆ ಬರೀ ನೀರು ತುಂಬಿಸಿ ಮುಂದೆ ಹೋಗಬೇಡಿ.

ಕೈಮೀರಿದರೆ ಹಾಸಿನ ಲಾರಿ ಕರೆಸಿ, ಕಾರು ಪೂರ್ತಿ ಮೇಲೇರಲಿ. ಮುಂಭಾಗ ಮಾತ್ರ ಎತ್ತಿ ದೂರ ಎಳೆದರೆ ಹಿಂಚಕ್ರ ಗೇರ್‌ಬಾಕ್ಸನ್ನು ಆಯಿಲ್ ತಿರುಗದೆಯೇ ತಿರುಗಿಸುತ್ತದೆ. ದಾರಿ ನೆರವಿನ ಯೋಜನೆಗಳಲ್ಲಿ ಕಾರಿನ ವಯಸ್ಸಿಗೆ ಮಿತಿ ಇರುವುದುಂಟು, ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ.

ವಾಪಸ್ ಬಂದ ಮರುದಿನವೇ ಕಾರಿನ ತಳಭಾಗ, ಚಕ್ರದ ಕಮಾನು, ಬಾಗಿಲಿನ ಕೆಳಗಿನ ನೀರಿಳಿಯುವ ತೂತುಗಳನ್ನು ಸಿಹಿನೀರಿನಲ್ಲಿ ತೊಳೆಸಿ. ಕರಾವಳಿಯ ಉಪ್ಪು ಅಲ್ಲೇ ಕೂತಿರುತ್ತದೆ. ಒಣಗಿದ ಮೇಲೆ ನಿಪ್ಪಲ್‌ಗಳಿಗೆಲ್ಲ ಮತ್ತೊಮ್ಮೆ ಗ್ರೀಸ್. ಎಷ್ಟು ಆಯಿಲ್, ಎಷ್ಟು ನೀರು ಹಿಡಿಯಿತು, ಯಾವ ಭಾಗ ಬದಲಾಯಿತು, ಎಷ್ಟು ಕಿ.ಮೀ.ಗೆ ಎಂದು ಒಂದು ಪುಸ್ತಕದಲ್ಲಿ ಬರೆದು ಅದನ್ನು ಕಾರಿನಲ್ಲೇ ಇಡಿ.